ಆ ಸಾಲಿನಲ್ಲಿ ಎಷ್ಟು ಜನ

ಸೇಂತ್-ಓದೀಲ್
21 ಜನವರಿ 1999

ಮಿರೇಯ್,

ನಿನ್ನ ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಹೊಸ ಹಾಳೆ ತೆಗೆದುಕೊಳ್ಳಬಹುದಿತ್ತು. ಹೊಡೆದುಹಾಕಿದ್ದು ನಿನ್ನ ಕಣ್ಣಿಗೆ ಬೀಳಲಿ ಎಂದೇ ಇದರಲ್ಲಿ ಮುಂದುವರಿಸಿದ್ದೇನೆ.

ಮೊನ್ನೆ ಮಂಗಳವಾರ ನನ್ನ ತಮ್ಮನನ್ನು ಆಸ್ಪತ್ರೆಯಿಂದ ತಂದರು. ಶವ ಸಿದ್ಧಮಾಡುವ ಫಿಲಿಯಾಸ್ ‘ನಾನೇ ಮಾಡ್ತೀನಿ ಬಿಡಕ್ಕ, ನೀನು ನೋಡಬೇಡ’ ಎಂದ. ನಾನು ಕೇಳಲಿಲ್ಲ. ಅಮ್ಮ ಸತ್ತಾಗ ಫ್ಲೋರಿಯಾನ್‌ಗೆ ಐದು ವರ್ಷ. ಆಗಿನಿಂದ ಅವನ ತಲೆ ಬಾಚಿ ಶಾಲೆಗೆ ಕಳಿಸಿದವಳು ನಾನು. ಮಣ್ಣಿಗೆ ಕಳಿಸುವಾಗಲೂ ನಾನೇ ಬಾಚುತ್ತೇನೆ ಎಂದೆ. ಕಿವಿಯ ಹಿಂದೆ ಬಾಚಣಿಗೆ ಎಳೆದಾಗ ಹಲ್ಲಿಗೆ ಏನೋ ಸಿಕ್ಕಿತು.

‘ಅಲ್ಲಿ ಬಾಚಬೇಡಕ್ಕ.’

‘ಯಾಕೋ?’

‘ಹೊಲಿಗೆ ಇದೆ.’

‘ಚಳಿಗೆ ಸತ್ತೋನಿಗೆ ತಲೆಗ್ಯಾಕೋ ಹೊಲಿಗೆ?’

ಅವನು ಟೋಪಿ ತೆಗೆದು ಕೈಯಲ್ಲಿ ಹಿಂಡಿದ. ‘ಒಳಗಿಂದು ತಗೊಂಡಿದ್ದಾರೆ. ಮಿದುಳು.’

‘ಮತ್ತೆ ಈಗ ಒಳಗೇನಿದೆ?’

‘ಹತ್ತಿ, ಅಕ್ಕ.’

ಹತ್ತಿ! ಗೊಂಬೆಗೆ ತುಂಬುವ ಹಾಗೆ. ಆಸ್ಪತ್ರೆಗೆ ಫೋನ್ ಮಾಡಿಸಿ ಕೇಳಿದರೆ ‘ಅವರ ಹೆಂಡತಿ ಒಪ್ಪಿಗೆ ಕೊಟ್ಟಿದ್ದಾರೆ’ ಎಂದರು. ಯಾವ ಹೆಂಡತಿ? ನಾಲ್ಕು ವರ್ಷದ ಹಿಂದೆ ಪೆಟ್ಟಿಗೆ ಎತ್ತಿಕೊಂಡು ಮೊಂಟ್ರಿಯಲ್‌ಗೆ ಬಸ್ಸು ಹತ್ತಿದವಳು? ಅವನ ಅಂಗಿ ಒಗೆಯಲು, ಅವನು ವಾಂತಿ ಮಾಡಿದ್ದನ್ನು ಬಳಿಯಲು ನೆನಪಾಗದ ಹೆಂಡತಿತನ ಸಹಿ ಹಾಕಲು ನೆನಪಾಯಿತೆ?

ಹಿಮಕ್ಕೆ ನೆಲ ಕಲ್ಲಾಗಿದೆ. ಈ ಚಳಿಗಾಲದಲ್ಲಿ ಸತ್ತ ಉಳಿದವರ ಜೊತೆ ಅವನೂ ಚರ್ಚಿನ ಹಿಂದಿನ ಶವಕೋಣೆಯಲ್ಲಿ ಮಲಗಿದ್ದಾನೆ. ಮೇ ತಿಂಗಳಲ್ಲಿ ನೆಲ ಕರಗಿ ಸಡಿಲವಾದ ಮೇಲೆ ಮಣ್ಣು. ಅಷ್ಟರೊಳಗೆ ನೀನು ತೆಗೆದದ್ದನ್ನು ನೀನೇ ತಂದು ಕೊಡಬೇಕು. ನನ್ನ ತಮ್ಮ ಪೂರ್ತಿಯಾಗಿ ಮಣ್ಣಾಗಬೇಕು. ಕಡೆಯ ದಿನ ಸ್ವಾಮಿ ಹೆಸರು ಹಿಡಿದು ಎಬ್ಬಿಸಿದಾಗ ಅವನು ತಲೆಯಲ್ಲಿ ಹತ್ತಿ ಇಟ್ಟುಕೊಂಡು ಏಳಬೇಕೇನು?

ನಿನ್ನ ಗಂಡನ ಅಕ್ಕ,
ಲೂಸಿಯೆನ್


ಮೊಂಟ್ರಿಯಲ್
3 ಫೆಬ್ರವರಿ 1999

ಲೂಸಿಯೆನ್ ಅಕ್ಕನವರಿಗೆ,

ಹೊಡೆದುಹಾಕಿದ್ದು ಕಣ್ಣಿಗೆ ಬಿತ್ತು.

ಸಹಿ ಹಾಕಿದವಳು ನಾನೇ. ಬಿಟ್ಟುಬಂದಿದ್ದೆ, ಆದರೆ ಬಿಡುಗಡೆ ಪಡೆದಿರಲಿಲ್ಲ. ‘ದೇವರು ಕಟ್ಟಿದ ಗಂಟು, ಕಾನೂನು ಬಿಚ್ಚೋದಲ್ಲ’ ಎಂದು ಬಿಡಿಸಿಕೊಳ್ಳಲು ಬಿಡದವರು ನೀವು. ಹಾಗಾಗಿ ಕಾನೂನಿನ ಪ್ರಕಾರ ಆಸ್ಪತ್ರೆಯವರು ಕೇಳಬೇಕಾಗಿದ್ದದ್ದು ನನ್ನನ್ನೇ.

ನಾನು ಇಲ್ಲಿ ಏನು ಕೆಲಸ ಮಾಡುತ್ತೇನೆ ಎಂದು ನೀವು ಒಮ್ಮೆಯೂ ಕೇಳಲಿಲ್ಲ. ಸತ್ತವರ ಮಿದುಳನ್ನು ಕಾಪಿಡುವ ಪ್ರಯೋಗಾಲಯ ನಮ್ಮದು. ಬಂದದ್ದನ್ನು ತೂಗಿ, ಕತ್ತರಿಸಿ, ನಂಬರು ಅಂಟಿಸಿ ಇಡುವುದು ನನ್ನ ಕೆಲಸ. ಇಲ್ಲಿನ ಡಾಕ್ಟರು ಹುಡುಕುತ್ತಿರುವುದು ಒಂದು ಪ್ರಶ್ನೆಗೆ ಉತ್ತರ. ಕುಡಿಯುವವರು ಸಾವಿರ ಜನ ಇದ್ದಾರೆ. ಅವರಲ್ಲಿ ಕೆಲವರು ಮಾತ್ರ ಯಾಕೆ ತಮ್ಮ ಜೀವ ತೆಗೆದುಕೊಳ್ಳುತ್ತಾರೆ?

ನಿಮಗೆ ತಿಳಿಯುವ ಹಾಗೆ ಹೇಳುತ್ತೇನೆ. ಮಿದುಳಿನ ಒಂದು ಜೀವಕೋಶ ಇನ್ನೊಂದಕ್ಕೆ ಸುದ್ದಿ ಕಳಿಸುತ್ತದೆ. ತಲುಪುವ ಕಡೆ ಪುಟ್ಟ ಬಾಗಿಲುಗಳಿರುತ್ತವೆ. ಗ್ರಾಹಕ ಎನ್ನುತ್ತಾರೆ. ಸುದ್ದಿ ಬಂದು ಬಾಗಿಲು ಮುಟ್ಟಿದರೆ ಒಳಗೆ ಗಂಟೆ ಬಾರಿಸುತ್ತದೆ. ಅದರಲ್ಲಿ ಒಂದು ಜಾತಿಯ ಬಾಗಿಲಿದೆ, ಗಾಂಜಾ ಸೇದಿದರೆ ಹೋಗಿ ಮುಟ್ಟುವುದು ಅದನ್ನೇ. ಸೇದದವರ ದೇಹವೂ ಅಂಥದೇ ಒಂದು ವಸ್ತುವನ್ನು ತಾನೇ ಮಾಡಿಕೊಳ್ಳುತ್ತದೆ. ವರ್ಷಗಟ್ಟಲೆ ಕುಡಿದರೆ ಈ ಬಾಗಿಲುಗಳ ಲೆಕ್ಕ ತಪ್ಪುತ್ತದೆ. ಕುಡಿದು ಕುಡಿದು ಕೊನೆಗೆ ತಮ್ಮ ಜೀವ ತೆಗೆದುಕೊಂಡವರದು ಒಂದು ಸಾಲು. ಅಷ್ಟೇ ಕುಡಿದು ಬೇರೆ ಕಾರಣಕ್ಕೆ ಸತ್ತವರದು ಇನ್ನೊಂದು ಸಾಲು. ಮೊದಲನೆಯ ಸಾಲಿನವರಲ್ಲಿ ಬಾಗಿಲೂ ಹೆಚ್ಚು, ಗಂಟೆಯೂ ಜೋರು ಎಂದು ಕಾಣುತ್ತಿದೆ. ಅದು ಖಚಿತವಾದರೆ ಮುಂದೆ ಯಾರಿಗಾದರೂ ಮಾತ್ರೆ ಸಿಕ್ಕೀತು.

ಫ್ಲೋರಿಯಾನ್ ಮೊದಲನೆಯ ಸಾಲಿನಲ್ಲಿದ್ದಾನೆ.

ನೀವು ಅವನಿಗೆ ಕೊಟ್ಟ ಮಾತ್ರೆ ಯಾವುದು ಅಕ್ಕ? ಅಡುಗೆಮನೆ ಗೋಡೆಯ ಕರಿ ಶಿಲುಬೆ. ಅಜ್ಜನ ಕಾಲದಲ್ಲಿ ಮನೆಯಲ್ಲಿ ಹೆಂಡ ಮುಟ್ಟುವುದಿಲ್ಲ ಎಂದು ಆಣೆ ಇಟ್ಟು ನೇತುಹಾಕಿದ್ದು. ಪ್ರತಿ ಸಲವೂ ಅದರ ಮೇಲೆ ಕೈ ಇಡಿಸಿ ಆಣೆ ಮಾಡಿಸಿದಿರಿ. ಅವನು ಕುಡಿದದ್ದಕ್ಕೆ ಅಳುತ್ತಿರಲಿಲ್ಲ, ಆಣೆ ಮುರಿದದ್ದಕ್ಕೆ ಅಳುತ್ತಿದ್ದ. ಅತ್ತ ಮೇಲೆ ಮತ್ತೆ ಕುಡಿಯುತ್ತಿದ್ದ.

ನೀವು ಕೇಳಿದ್ದನ್ನು ಕೊಡಲು ಆಗುವುದಿಲ್ಲ. ಅರ್ಧ ಕೆಡದಂತೆ ಕಾಪಾಡುವ ಫಾರ್ಮಲಿನ್‌ನಲ್ಲಿದೆ. ಅರ್ಧವನ್ನು ತೆಳ್ಳಗೆ ಕತ್ತರಿಸಿ ನಿಮ್ಮ ಕೊಲ್ಲಿಯ ಚಳಿಗಿಂತ ಎಷ್ಟೋ ಹೆಚ್ಚಿನ ಚಳಿಯಲ್ಲಿ ಇಟ್ಟಿದೆ.

ಮಿರೇಯ್


ಸೇಂತ್-ಓದೀಲ್
14 ಫೆಬ್ರವರಿ 1999

ಮಿರೇಯ್,

ಇವತ್ತು ಪ್ರೇಮಿಗಳ ದಿನವಂತೆ. ಅಂಚೆಕಚೇರಿಯ ಹುಡುಗಿ ಕಿಟಕಿಗೆ ಕೆಂಪು ಕಾಗದದ ಹೃದಯ ಅಂಟಿಸಿದ್ದಾಳೆ. ಅದರ ಕೆಳಗೆ ನಿಂತು ನಿನ್ನ ಕಾಗದವನ್ನು ಇನ್ನೊಮ್ಮೆ ಓದಿದೆ. ಮೊದಲ ಸಲ ಓದಿದಾಗ ಅರ್ಥವೇ ಆಗಿರಲಿಲ್ಲ.

ನನ್ನ ತಮ್ಮನ ತಲೆಯಲ್ಲಿ ಗಾಂಜಾದ ಬಾಗಿಲು! ಅವನು ಜಿನ್ ಕುಡಿದ, ಅದನ್ನು ಇಡೀ ಊರೇ ನೋಡಿದೆ. ಗಾಂಜಾ ಎಂಬುದನ್ನು ಕಣ್ಣಲ್ಲೂ ಕಂಡವನಲ್ಲ. ಎಲ್ಲರ ತಲೆಯಲ್ಲೂ ಇರುತ್ತದೆ ಎಂದು ಬರೆದಿದ್ದೀಯೆ. ನನ್ನ ತಲೆಯಲ್ಲೂ ಇದೆಯೇನು? ಇದ್ದರೆ ಅದಕ್ಕೆ ಬೀಗ ಹಾಕಿದ್ದೇನೆ ಎಂದು ನಿನ್ನ ಡಾಕ್ಟರಿಗೆ ಹೇಳು.

ಅದು ಹಾಳಾಗಲಿ. ಫ್ಲೋರಿಯಾನ್ ತನ್ನ ಜೀವ ತಾನೇ ತೆಗೆದುಕೊಂಡ ಎಂದು ನಿನಗೆ ಹೇಳಿದವರು ಯಾರು? ಇಲ್ಲಿ ಯಾರೂ ಹೇಳಿಲ್ಲ. ಆ ಶನಿವಾರ ಅವನು ಹೆಪ್ಪುಗಟ್ಟಿದ ಕೊಲ್ಲಿಯ ಹಿಮಗಡ್ಡೆಯ ಮೇಲೆ, ಮೀನು ಹಿಡಿಯುವ ಗುಡಿಸಲಲ್ಲಿ ಇದ್ದ. ಎಲೋಯ್‌ನ ಗುಡಿಸಲು ಅವನದರ ಪಕ್ಕದಲ್ಲೇ. ಎಲೋಯ್ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ:

‘ಮಧ್ಯಾಹ್ನದಿಂದಲೇ ಕುಡೀತಿದ್ದ ಲೂಸಿಯೆನಕ್ಕ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಖುಷಿಯಾಗೇ ಇದ್ದ. ಹೊರಟಾಗ ಬಕೆಟ್ ತುಂಬ ಮೀನು ಇತ್ತು. ಎಲ್ಲಿಗೋ ಅಂದೆ. ಸಾರು ಕುಡಿಯೋಕೆ, ಇವತ್ತು ಶನಿವಾರ ಅಲ್ವಾ, ಅಂದ. ಗಾಳಿ ಎದ್ದಿತ್ತು. ಒಟ್ಟಿಗೆ ಹೋಗೋಣ ತಡಿ ಅಂದೆ. ಅಕ್ಕನ ಸಾರು ಆರಿದ್ರೆ ನಿನ್ನ ಮುಖಕ್ಕೆ ಹೊಯ್ತಾಳೆ ಅಂತ ನಕ್ಕು ಹೋದ.’

ಶನಿವಾರ ಎಂದರೆ ನನ್ನ ಮನೆಯಲ್ಲಿ ಬಟಾಣಿ ಸಾರು. ನೀನಿದ್ದಾಗಲೂ ಇತ್ತು, ನೀನು ಹೋದ ಮೇಲೂ ಇತ್ತು. ಅವತ್ತು ಒಲೆಯ ಮೇಲೆ ಪಾತ್ರೆ ಹಾಗೇ ಇತ್ತು. ಭಾನುವಾರ ಬೆಳಿಗ್ಗೆ ಅವನು ಸಿಕ್ಕಾಗ ಬಕೆಟ್ ಪಕ್ಕದಲ್ಲೇ ಇತ್ತು, ಮೀನು ಅವನ ಹಾಗೆಯೇ ಸೆಟೆದಿದ್ದವು. ಸಾಯಲು ಹೊರಟವನು ಅಕ್ಕನಿಗೆ ಮೀನು ಹೊತ್ತುಕೊಂಡು ಹೋಗುತ್ತಾನೇನು?

ಅವನು ದಾರಿ ತಪ್ಪಿದ. ನನ್ನ ಮನೆಗೆ ಬರುತ್ತಿದ್ದ, ದಾರಿ ತಪ್ಪಿದ. ಇಷ್ಟೇ ನಡೆದದ್ದು. ಇದನ್ನು ಬಿಟ್ಟು ನೀನು ಅವನ ಹಣೆಗೆ ಆ ಪಾಪದ ಚೀಟಿ ಅಂಟಿಸಿ, ಯಾರು ಯಾರದೋ ಜೊತೆ ಸಾಲಿನಲ್ಲಿ ನಿಲ್ಲಿಸಿದ್ದೀಯೆ. ಪಾದ್ರಿಗಳೇ ಮಾಡದ ತೀರ್ಪನ್ನು ನಿನ್ನ ಫ್ರಿಜ್ಜು ಮಾಡಿತು.

ಇನ್ನೊಂದು. ‘ಕತ್ತರಿಸುವುದು ನನ್ನ ಕೆಲಸ’ ಎಂದು ಬರೆದಿದ್ದೀಯೆ. ಅವನನ್ನು ಕತ್ತರಿಸಿದ್ದು ನೀನೇನಾ?

ಲೂಸಿಯೆನ್


ಮೊಂಟ್ರಿಯಲ್
6 ಮಾರ್ಚ್ 1999

ಲೂಸಿಯೆನ್ ಅಕ್ಕನವರಿಗೆ,

ಹೇಳಿದವಳು ನಾನು. ಸತ್ತವನು ಹೇಗಿದ್ದ, ಏನು ಕುಡಿಯುತ್ತಿದ್ದ, ಯಾವಾಗ ಏನು ಮಾಡಿಕೊಂಡ ಎಂದು ಹತ್ತಿರದವರನ್ನು ಕೂರಿಸಿ ಕೇಳುತ್ತಾರೆ. ಅದಿಲ್ಲದೆ ಯಾವ ಮಿದುಳೂ ಯಾವ ಸಾಲಿಗೂ ಸೇರುವುದಿಲ್ಲ. ನನ್ನನ್ನೂ ಕೇಳಿದರು. ಹನ್ನೊಂದು ವರ್ಷ ಅವನ ಪಕ್ಕದಲ್ಲಿ ಮಲಗಿ ಎದ್ದವಳು ಹೇಳಬೇಕಾದ್ದನ್ನು ಹೇಳಿದೆ.

ಎರಡು ಸಲ ಅವನನ್ನು ಅವನ ಕೈಯಿಂದಲೇ ಬಿಡಿಸಿಕೊಂಡಿದ್ದೇನೆ. ನಿಮಗೆ ಒಂದು ಸಲದ್ದೂ ಗೊತ್ತಿಲ್ಲ. ಎರಡನೆಯದು ನಿಮ್ಮದೇ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ. ನೀವು ಒಳಗೆ ಊರಿನ ಹೆಂಗಸರನ್ನು ಕೂರಿಸಿಕೊಂಡು ಜಪಸರ ಹೇಳಿಸುತ್ತಿದ್ದಿರಿ. ನಾನು ಕೂಗಬಹುದಿತ್ತು. ಅವನೇ ನನ್ನ ಬಾಯಿ ಮುಚ್ಚಿ, ‘ಅಕ್ಕಂಗೆ ಗೊತ್ತಾಗಬಾರದು, ನಿನ್ನ ಕಾಲು ಹಿಡೀತೀನಿ’ ಎಂದ. ನಿಮ್ಮ ಜಪ ಮುಗಿಯುವವರೆಗೆ ಇಬ್ಬರೂ ಹುಲ್ಲಿನ ಮೇಲೆ ಕೂತಿದ್ದೆವು. ಆಮೇಲೆ ಒಳಗೆ ಬಂದು ಹೆಂಗಸರಿಗೆಲ್ಲ ಕಾಫಿ ಕೊಟ್ಟೆ. ನಿಮಗೂ ಕೊಟ್ಟೆ. ಸಕ್ಕರೆ ಕಡಿಮೆಯಾಯಿತು ಎಂದಿರಿ.

ಬಕೆಟಿನ ವಿಷಯ ನನಗೆ ಗೊತ್ತಿರಲಿಲ್ಲ. ಆದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಆವತ್ತು ಕೊಟ್ಟಿಗೆಯಲ್ಲಿ ಅವನು ಮೊದಲು ಹಸುವಿಗೆ ಹುಲ್ಲು ಹಾಕಿ, ನೀರಿಟ್ಟಿದ್ದ.

ದಾರಿ ತಪ್ಪಿದ ಎನ್ನುತ್ತೀರಿ. ಗುಡಿಸಲಿನಿಂದ ದಡದವರೆಗೆ ಹಿಮಗಡ್ಡೆಯ ಮೇಲೆ ಗುರುತಿಗೆ ಫರ್ ಮರದ ಸಸಿಗಳನ್ನು ನೆಡುವವನು ಯಾರು? ಪ್ರತಿ ವರ್ಷವೂ ಅವನೇ. ಕಣ್ಣಿಗೆ ಬಟ್ಟೆ ಕಟ್ಟಿದರೂ ಸಸಿಯಿಂದ ಸಸಿಗೆ ಕೈಯಿಟ್ಟು ಮನೆ ಸೇರುತ್ತೇನೆ ಎಂದು ಕೊಚ್ಚಿಕೊಳ್ಳುತ್ತಿದ್ದ. ತಾನೇ ನೆಟ್ಟ ದಾರಿಯನ್ನು ತಪ್ಪುತ್ತಾನಾ? ಅವನು ಸಿಕ್ಕಿದ್ದು ಊರಿನ ಕಡೆ ಅಲ್ಲ, ಹೆಪ್ಪುಗಟ್ಟದ ತೆರೆದ ನೀರಿನ ಕಡೆ.

ಮಿರೇಯ್


ಸೇಂತ್-ಓದೀಲ್
29 ಮಾರ್ಚ್ 1999, ಪವಿತ್ರ ವಾರದ ಸೋಮವಾರ

ಮಿರೇಯ್,

ಕೇಳಿದ್ದಕ್ಕೆ ಉತ್ತರ ಬರೆಯಲಿಲ್ಲ. ಇನ್ನೊಮ್ಮೆ ಕೇಳುತ್ತೇನೆ. ಕತ್ತರಿಸಿದ್ದು ನೀನೇನಾ?

ಕೊಟ್ಟಿಗೆಯ ವಿಷಯ ಓದಿದ ದಿನ ಹಸುವಿನ ಹತ್ತಿರ ಹೋಗಲಿಲ್ಲ. ಎಲೋಯ್‌ನ ಹೆಂಡತಿ ಬಂದು ಹಾಲು ಕರೆದಳು. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ, ಹೆಚ್ಚು ನಿರೀಕ್ಷಿಸಬೇಡ. ನೀನು ಅಂದು ಬಾಯಿ ಮುಚ್ಚಿಕೊಂಡಿದ್ದಕ್ಕೆ ಒಂದು ದಿನ ದೇವರಿಗೆ ಲೆಕ್ಕ ಕೊಡುತ್ತೀಯೆ. ನಾನು ಕಿವಿ ಮುಚ್ಚಿಕೊಂಡಿದ್ದಕ್ಕೆ ನಾನು ಕೊಡುತ್ತೇನೆ.

ಈಗ ನನ್ನ ಮಾತು ಕೇಳು. ಗಡ್ಡೆ ಸಡಿಲವಾಗುತ್ತಿದೆ ಎಂದು ಗಂಡಸರು ಗುಡಿಸಲುಗಳನ್ನು ದಡಕ್ಕೆ ಎಳೆತಂದರು. ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ಎಲೋಯ್ ಹತ್ತಿರ ಹೋದೆ.

‘ಎಲೋಯ್, ಅವನೇ ನೆಟ್ಟ ಸಸಿ, ಅವನೇ ಹೇಗೆ ತಪ್ಪಿದ?’

‘ಯಾರಕ್ಕ ಹಾಗಂದಿದ್ದು? ಅವತ್ತಿದ್ದ ಸಸಿ ಅವನು ನೆಟ್ಟಿದ್ದಲ್ಲ.’

‘ಮತ್ತೆ?’

‘ಶುಕ್ರವಾರ ಹೊಳೆ ಬಾಯಿ ಹತ್ರ ಗಡ್ಡೆ ಬಿರುಕು ಬಿಟ್ಟಿತ್ತಲ್ಲ. ಅವನು ನೆಟ್ಟ ಸಾಲು ಸೀದಾ ಬಿರುಕಿನ ಮೇಲೇ ಹೋಗ್ತಿತ್ತು. ನಾನೂ ನಮ್ಮ ಹುಡುಗರೂ ಕಿತ್ತು ಸುತ್ತುಬಳಸಿ ನೆಟ್ವಿ.’

‘ಅವನಿಗೆ ಹೇಳಿದ್ಯಾ?’

‘ಹೇಳ್ದೆ. ಹ್ಞೂಂ ಅಂದ. ಕುಡಿದಿದ್ದ. ಅವನ ಹ್ಞೂಂ ನಿಂಗೆ ಗೊತ್ತಲ್ಲ, ನಾಳೆ ಪೂಜೆಗೆ ಬಾರೋ ಅಂದ್ರೂ ಹ್ಞೂಂ ಅನ್ನೋನು.’

ಅರ್ಥವಾಯಿತೆ? ಇಪ್ಪತ್ತು ವರ್ಷದಿಂದ ಕಾಲಿಗೆ ಗೊತ್ತಿದ್ದ ದಾರಿಯನ್ನೇ ಅವನ ಕಾಲು ಹಿಡಿದಿರಬೇಕು. ಆ ದಾರಿಯಲ್ಲಿ ಸಸಿ ಇರಲಿಲ್ಲ. ಬಿರುಕಿಗೆ ಬಂದು ನಿಂತ. ಅದರ ಅಂಚು ಹಿಡಿದು ಎಡಕ್ಕೆ ನಡೆದರೆ ಊರು, ಬಲಕ್ಕೆ ನಡೆದರೆ ತೆರೆದ ನೀರು. ಗಾಳಿ ಎಡಗಡೆಯಿಂದ ಮುಖಕ್ಕೆ ಹೊಡೆಯುತ್ತಿತ್ತು. ಕುಡಿದವನು ಗಾಳಿಗೆ ಬೆನ್ನು ತಿರುಗಿಸುತ್ತಾನೆ. ಅಷ್ಟೇ.

ಪಾದ್ರಿ ಗಾಲಿಪೋ ಅವರಿಗೂ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು, ‘ಲೂಸಿಯೆನಮ್ಮ, ಮಣ್ಣು ಮಾಡೋಕೆ ನಂದೇನೂ ಅಡ್ಡಿ ಇಲ್ಲ. ಈಗಿನ ಕಾಲದಲ್ಲಿ ಹಾಗೆ ಸತ್ತೋರಿಗೂ ಪೂರ್ತಿ ಪೂಜೆ ಮಾಡ್ತೀವಿ. ನೀವ್ಯಾಕೆ ಇಷ್ಟು ಒದ್ದಾಡ್ತೀರಿ?’ ಎಂದರು.

‘ಹಾಗೆ ಸತ್ತಿಲ್ಲವಲ್ಲ ಫಾದರ್, ಅದಕ್ಕೆ.’

‘ದೇವರಿಗೆ ಗೊತ್ತಿದ್ರೆ ಸಾಲದೆ?’

‘ದೇವರಿಗೆ ಗೊತ್ತು. ಮೊಂಟ್ರಿಯಲ್‌ಗೆ ಗೊತ್ತಿಲ್ಲ.’

ನಿನಗೊಂದು ಸವಾಲು ಹಾಕುತ್ತೇನೆ. ನಿನ್ನ ಯಂತ್ರಕ್ಕೆ ಬಾಗಿಲು ಎಣಿಸಲು ಬರುತ್ತದೆ, ಗಂಟೆ ಕೇಳಲು ಬರುತ್ತದೆ. ಹಾಗಾದರೆ ಕೇಳು: ಬಿರುಕಿನ ಅಂಚಿನಲ್ಲಿ ಬಲಕ್ಕೆ ತಿರುಗಿದಾಗ ಅವನಿಗೆ ಸಾಯುವ ಮನಸ್ಸಿತ್ತೋ ಇಲ್ಲವೋ. ಇತ್ತು ಎಂದು ಯಂತ್ರ ಹೇಳಿದರೆ ನಾನು ಬಾಯಿ ಮುಚ್ಚುತ್ತೇನೆ, ಶಿಲುಬೆಯ ಮುಂದೆ ಹೇಳುತ್ತಿದ್ದೇನೆ. ಹೇಳಲು ಬರದಿದ್ದರೆ ಅವನ ಚೀಟಿ ಕಿತ್ತು, ಅವನನ್ನು ಆ ಸಾಲಿನಿಂದ ಇಳಿಸಿ ಮನೆಗೆ ಕಳಿಸು.

ಲೂಸಿಯೆನ್


ಮೊಂಟ್ರಿಯಲ್
18 ಏಪ್ರಿಲ್ 1999

ಲೂಸಿಯೆನ್ ಅಕ್ಕನವರಿಗೆ,

ಯಂತ್ರಕ್ಕೆ ಹೇಳಲು ಬರುವುದಿಲ್ಲ.

ಇದನ್ನು ಬರೆಯಲು ಮೂರು ವಾರ ಬೇಕಾಯಿತು. ಅದು ಗುಂಪಿನ ಬಗ್ಗೆ ಮಾತ್ರ ಮಾತಾಡುತ್ತದೆ. ಇಷ್ಟು ಜನರನ್ನು ಅಷ್ಟು ಜನರ ಎದುರಿಗೆ ನಿಲ್ಲಿಸಿದರೆ, ಈ ಸಾಲಿನ ಗಂಟೆ ಒಟ್ಟಾರೆ ಜೋರು ಎನ್ನುತ್ತದೆ. ಒಬ್ಬನನ್ನು ಹೊರಗೆ ಕರೆದು ‘ಇವನು?’ ಎಂದರೆ ಬಾಯಿ ಬಿಡುವುದಿಲ್ಲ. ಜೋರು ಗಂಟೆ ಇಟ್ಟುಕೊಂಡು ಎಂಬತ್ತು ವರ್ಷ ಬದುಕುವವರು ಇದ್ದಾರು, ಗಂಟೆ ಸದ್ದೇ ಇಲ್ಲದೆ ಸತ್ತವರೂ ಇದ್ದಾರು.

ನೀವು ಈ ಪ್ರಶ್ನೆ ಕೇಳುವ ಮೊದಲೇ ನಾನು ಕೇಳಿದ್ದೆ. ಅವನ ಗಂಟೆಯ ಸಂಖ್ಯೆ ತೋರಿಸಿ ಎಂದು ಡಾಕ್ಟರ ಮುಂದೆ ನಿಂತೆ. ‘ನೋಡಿ ಏನು ಮಾಡ್ತೀಯಮ್ಮ? ಅದರಲ್ಲಿ ನಿನ್ನ ಗಂಡ ಇರಲ್ಲ’ ಎಂದು ಮುಖ ತಿರುಗಿಸಿದರು.

ಸಸಿ ಕಿತ್ತು ನೆಟ್ಟ ವಿಷಯ ನನಗೆ ಗೊತ್ತಿರಲಿಲ್ಲ. ಅವನೇ ನೆಟ್ಟದ್ದು ಎಂಬ ಒಂದೇ ಮಾತಿನ ಮೇಲೆ ನಾನು ಅಷ್ಟು ಗಟ್ಟಿಯಾಗಿ ಸಾಕ್ಷಿ ಹೇಳಿದ್ದೆ. ಕೊಟ್ಟಿಗೆ ನಿಜ. ಅದಕ್ಕೂ ಮೊದಲಿನದೂ ನಿಜ. ಆದರೆ ಜನವರಿಯದು ನನಗೆ ಗೊತ್ತಿಲ್ಲ. ಮತ್ತೆ ಹೋಗಿ ‘ನನಗೆ ಗೊತ್ತಿಲ್ಲ’ ಎಂದು ಹೇಳಿ ಬಂದೆ.

ಅದರಿಂದ ಏನಾಯಿತು ಎಂದರೆ, ಅವನು ಯಾವ ಸಾಲಿಗೂ ಸೇರದವನಾದ. ಹೇಗೆ ಸತ್ತ ಎಂದು ಖಚಿತವಿಲ್ಲದವನು ಅಲ್ಲೂ ಬೇಡ, ಇಲ್ಲೂ ಬೇಡ. ಇನ್ನು ಅವನಿಂದ ಯಾರಿಗೂ ಉಪಯೋಗವಿಲ್ಲ. ನಾಲ್ಕು ವರ್ಷ ಬೇರೆಯವರ ಗಂಡಂದಿರನ್ನು, ಮಕ್ಕಳನ್ನು ನಂಬರು ಅಂಟಿಸಿ ಇಟ್ಟೆ. ನನ್ನವನಾದರೂ ಸತ್ತ ಮೇಲೆ ಒಂದು ಕೆಲಸಕ್ಕೆ ಬರಲಿ ಎಂದು ಸಹಿ ಹಾಕಿದ್ದೆ. ಬದುಕಿದ್ದಾಗ ಅವನು ಕೆಲಸಕ್ಕೆ ಬಾರದವನು ಎಂದು ಊರೆಲ್ಲ ಹೇಳಿತು. ಈಗ ಇಲ್ಲಿಯೂ ಅದನ್ನೇ ಬರೆದಿದ್ದಾರೆ.

ಉಪಯೋಗವಿಲ್ಲದ್ದನ್ನು ಹಿಂದಕ್ಕೆ ಕೊಡಲು ಅಡ್ಡಿಯಿಲ್ಲವಂತೆ. ಫಾರ್ಮಲಿನ್‌ನಲ್ಲಿದ್ದದ್ದೂ ಹಿಮದಲ್ಲಿದ್ದದ್ದೂ. ನಾನೇ ತರುತ್ತೇನೆ.

ನೀವು ಗೆದ್ದಿರಿ. ಮಣ್ಣಿನ ದಿನ ಯಾವುದೆಂದು ತಿಳಿಸಿ.

ಮಿರೇಯ್


ಸೇಂತ್-ಓದೀಲ್
2 ಮೇ 1999

ಮಿರೇಯ್,

ಮಣ್ಣು ಹದಿನೈದನೆಯ ತಾರೀಖು, ಶನಿವಾರ, ಪೂಜೆಯಾದ ಮೇಲೆ. ಶವಕೋಣೆಯಲ್ಲಿ ಇರುವವರೆಲ್ಲರದೂ ಅವತ್ತೇ. ಫ್ಲೋರಿಯಾನ್‌ನದು ಕೊನೆಗೆ ಇರಲಿ ಎಂದಿದ್ದೇನೆ, ಜನ ಚದುರಿದ ಮೇಲೆ. ಪೆಟ್ಟಿಗೆ ತೆರೆದು ಮುಚ್ಚಲು ಫಿಲಿಯಾಸ್ ಒಪ್ಪಿದ್ದಾನೆ.

ಬಸ್ಸು ನಿಲ್ಲುವಲ್ಲಿಗೆ ಎಲೋಯ್ ಗಾಡಿ ತರುತ್ತಾನೆ. ಅವನ ಮನೆಯಲ್ಲೇ ಉಳಿದುಕೋ. ನನ್ನ ಮನೆಯಲ್ಲಿ ಜಾಗವಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಜಾಗ ಇದೆ. ನಿನಗಿಲ್ಲ.

ಗೆದ್ದೆ ಎಂದು ಬರೆದಿದ್ದೀಯೆ. ತಮ್ಮ ಸತ್ತವಳು ಏನು ಗೆಲ್ಲುತ್ತಾಳೆ, ಅದನ್ನೂ ಎಣಿಸಿ ಹೇಳು. ‘ಕೆಲಸಕ್ಕೆ ಬಾರದವನು’ ಎಂದು ಊರು ಹೇಳಿತು ಎನ್ನುತ್ತೀಯೆ. ನಾನು ಹೇಳಿಲ್ಲ. ಶನಿವಾರದ ಮೀನು ತರುತ್ತಿದ್ದ.

ಕರಿ ಬಟ್ಟೆ ಹಾಕಿಕೊಂಡು ಬಾ. ನನ್ನ ಪ್ರಶ್ನೆಗೆ ಉತ್ತರ ತೆಗೆದುಕೊಂಡು ಬಾ.

ಲೂಸಿಯೆನ್


ಮೊಂಟ್ರಿಯಲ್
24 ಮೇ 1999

ಲೂಸಿಯೆನ್ ಅಕ್ಕನವರಿಗೆ,

ಗುಂಡಿಯ ಮುಂದೆ, ಪಾದ್ರಿಗಳು ಇನ್ನೂ ಪುಸ್ತಕ ಮುಚ್ಚಿರಲಿಲ್ಲ, ನನ್ನ ತೋಳು ಹಿಡಿದು ಕೇಳಿದಿರಿ. ‘ಈಗಲಾದ್ರೂ ಬೊಗಳೇ, ನೀನೇನಾ?’ ಎಂದಿರಿ. ಎಲೋಯ್ ಬಂದು ನಿಮ್ಮ ಕೈ ಬಿಡಿಸಿದ. ಅಲ್ಲಿ ಹೇಳಿದ್ದರೆ ನೀವು ನನ್ನನ್ನೂ ಗುಂಡಿಗೆ ತಳ್ಳುತ್ತಿದ್ದಿರೇನೋ. ಈಗ ನಡುವೆ ಎಂಟು ಗಂಟೆಯ ಬಸ್ಸು ದಾರಿಯಿದೆ, ಹೇಳುತ್ತೇನೆ.

ಹೌದು. ನಾನೇ.

ನಮಗೆ ಹೆಸರು ಬರುವುದಿಲ್ಲ, ನಂಬರು ಮಾತ್ರ. ಆದರೆ ಭಾನುವಾರ ಫ್ಯಾಕ್ಸಿನಲ್ಲಿ ಸಹಿ ಹಾಕಿ ಕಳಿಸಿ, ಸೋಮವಾರ ಬೆಳಿಗ್ಗೆ ಕೊಲ್ಲಿ ಕಡೆಯಿಂದ ಒಂದೇ ಒಂದು ಪೆಟ್ಟಿಗೆ ಬಂದರೆ ಹೆಸರು ಯಾಕೆ ಬೇಕು? ‘ಇದು ನನಗಾಗಲ್ಲ’ ಎಂದು ಒಂದು ಮಾತು ಹೇಳಿದ್ದರೆ ಇನ್ನೊಬ್ಬಳು ಮಾಡುತ್ತಿದ್ದಳು. ಹೇಳುವುದೇ ನಿಯಮ. ಹೇಳಲಿಲ್ಲ. ಅವಳು ಒಳ್ಳೆಯವಳು, ಆದರೆ ಕೆಲಸ ಮಾಡುತ್ತಾ ರೇಡಿಯೋ ಹಾಕಿಕೊಳ್ಳುತ್ತಾಳೆ, ಹಾಡಿಗೆ ತಲೆ ಆಡಿಸುತ್ತಾಳೆ. ಅವನನ್ನು ಹಾಗೆ ಯಾರೂ ಮುಟ್ಟಬಾರದು ಅನ್ನಿಸಿತು.

ರೇಡಿಯೋ ಆರಿಸಿದೆ. ನನ್ನ ಕೈ ನಡುಗಲಿಲ್ಲ. ನಡುಗಿದರೆ ತುಂಡು ಹಾಳಾಗುತ್ತದೆ. ನೀವು ಅವನ ತಲೆ ಬಾಚಿದಿರಲ್ಲ, ನಾನು ಮಾಡಿದ್ದೂ ಅದೇ ಎಂದು ಹೇಳುವುದಿಲ್ಲ. ನೀವು ಕಾಗದ ಹರಿದುಹಾಕುತ್ತೀರಿ. ಆದರೆ ಅಷ್ಟೇ ಮೆತ್ತಗೆ ಮಾಡಿದೆ.

ಇನ್ನೊಂದು ಹೇಳಬೇಕು. ಅದನ್ನು ಹೇಳದೆ ನಿಮ್ಮ ಊರಿನಿಂದ ಬಸ್ಸು ಹತ್ತಿದ್ದು ತಪ್ಪು. ಪೆಟ್ಟಿಗೆಯಲ್ಲಿ ಇಟ್ಟದ್ದು ಪೂರ್ತಿ ಅಲ್ಲ. ಹಣೆಯ ಹಿಂದಿನ ಭಾಗದ ಒಂದು ಚೂರು, ನಿಮ್ಮ ಜಪಸರದ ಮಣಿಯಷ್ಟು ದೊಡ್ಡದು, ಫೆಬ್ರವರಿಯಲ್ಲೇ ಅರೆದು ಪರೀಕ್ಷೆಗೆ ಹಾಕಿಯಾಗಿತ್ತು. ಗಂಟೆ ಎಷ್ಟು ಜೋರು ಎಂದು ಅಳೆದರು. ಅದು ಒಂದು ಸಂಖ್ಯೆಯಾಯಿತು. ನಾನು ‘ಗೊತ್ತಿಲ್ಲ’ ಎಂದು ಹೇಳುವ ಮೊದಲೇ, ಮಾರ್ಚ್‌ನಲ್ಲಿ, ಎಲ್ಲ ಸಂಖ್ಯೆಗಳನ್ನೂ ಕೂಡಿಸಿ ಡಾಕ್ಟರುಗಳ ದೊಡ್ಡ ಸಭೆಗೆ ಕಳಿಸಿಬಿಟ್ಟಿದ್ದರು. ‘ಒಬ್ಬನನ್ನು ತೆಗೆದ್ರೂ ಬಿಟ್ರೂ ಒಟ್ಟು ಬದಲಾಗಲ್ಲ, ಮುಂದಿನ ಸಲ ಬಿಡೋಣ’ ಎಂದರು.

ಚೂರನ್ನು ಅರೆಯದಿದ್ದರೆ ತಂದುಕೊಡುತ್ತಿದ್ದೆ. ಸಂಖ್ಯೆಯನ್ನು ಹೇಗೆ ತರಲಿ? ಸುಳ್ಳು ಹೇಳುವುದಿಲ್ಲ ಅಕ್ಕ, ಅಷ್ಟು ಮಟ್ಟಿಗೆ ಅವನು ಇನ್ನೂ ಅದೇ ಸಾಲಿನಲ್ಲಿದ್ದಾನೆ. ತಮ್ಮ ಜೀವ ತಾವೇ ತೆಗೆದುಕೊಂಡವರ ಸಾಲಿನಲ್ಲಿ.

ಇದಕ್ಕೆ ಉತ್ತರ ಬರೆಯಬೇಕಾಗಿಲ್ಲ.

ಮಿರೇಯ್


ಸೇಂತ್-ಓದೀಲ್
6 ಜೂನ್ 1999

ಮಿರೇಯ್,

ಬರೆಯಬೇಕೋ ಬೇಡವೋ ಎಂದು ನನಗೆ ನೀನು ಹೇಳಬೇಡ.

ನಿನ್ನ ಕಾಗದ ಓದಿ ನೆಟ್ಟಗೆ ಸ್ಮಶಾನಕ್ಕೆ ಹೋದೆ. ಮಣ್ಣು ಇನ್ನೂ ಇಳಿದಿಲ್ಲ, ಗುಡ್ಡೆಯಾಗೇ ಇದೆ. ಅವನ ಮುಂದೆ ನಿಂತು ನಿನ್ನನ್ನು ಏನೇನು ಬೈಯಬೇಕೋ ಎಲ್ಲ ಬೈದೆ. ಎಲೋಯ್‌ನ ಹೆಂಡತಿ ಅವಳ ಅತ್ತೆಯ ಗುಡ್ಡೆಗೆ ಹೂವಿನ ಸಸಿ ನೆಡುತ್ತಿದ್ದಳು. ‘ಯಾರಿಗಕ್ಕ ಇಷ್ಟು ಬೈಗುಳ?’ ಎಂದಳು. ‘ಅವನ ಹೆಂಡತಿಗೆ’ ಎಂದೆ. ‘ಹೆಂಡತಿ ಅಂತ ಒಪ್ಕೊಂಡ್ರಾ ಹಾಗಾದ್ರೆ!’ ಎಂದು ನಕ್ಕಳು. ಅವಳಿಗೂ ಎರಡು ಬಿತ್ತು.

ನೀನು ಕತ್ತರಿಸಿದ್ದಕ್ಕೆ ಕ್ಷಮೆಯಿಲ್ಲ. ಪಾಪನಿವೇದನೆಯಲ್ಲಿ ಪಾದ್ರಿಗಳು ಕ್ಷಮಿಸು ಎಂದರು. ಆಗುವುದಿಲ್ಲ ಫಾದರ್, ಬೇರೆ ಪ್ರಾಯಶ್ಚಿತ್ತ ಕೊಡಿ ಎಂದೆ. ರೇಡಿಯೋ ಆರಿಸಿದ್ದಕ್ಕೆ ಮಾತ್ರ ಏನೂ ಹೇಳುವುದಿಲ್ಲ.

ಈಗ ಆ ಸಾಲಿನ ವಿಷಯ. ಅವನು ಆ ಸಾಲಿನವನಲ್ಲ. ನನ್ನ ಮನೆಗೆ ಬರುತ್ತಿದ್ದ, ದಾರಿ ತಪ್ಪಿದ. ಸಾಯುವವರೆಗೂ ಇದನ್ನೇ ಹೇಳುತ್ತೇನೆ. ಆದರೆ ಮಣಿಯಷ್ಟು ಚೂರಾಗಿ ಅವನು ಅಲ್ಲಿ ನಿಂತಿದ್ದಾನೆ ಎಂದು ನೀನು ಹೇಳುತ್ತೀಯೆ. ಎಂಥದ್ದೇ ಆಗಲಿ, ನೀನು ಸುಳ್ಳು ಹೇಳುವವಳಲ್ಲ. ಹೇಳಬೇಕಾದಾಗ ಬಾಯಿ ಮುಚ್ಚಿಕೊಳ್ಳುತ್ತೀಯೆ, ಅಷ್ಟೇ.

ಕಾಗದ ಬಂದ ದಿನ ರಾತ್ರಿ ಆ ಸಾಲಿನಿಂದ ಅವನೊಬ್ಬನನ್ನು ಹೊರಗೆ ಕರೆದು ಜಪ ಮಾಡೋಣ ಎಂದು ಕೂತೆ. ಆಗಲಿಲ್ಲ. ಒಂದು ಮಣಿ ಹಿಡಿದರೆ ಅದರ ಆಚೆ ಈಚೆಯ ಮಣಿಗಳು ದಾರದಲ್ಲಿ ತಾವೇ ಎಳೆದುಕೊಂಡು ಬರುತ್ತವೆ. ಅವರೂ ಯಾರ ಮನೆಗೋ ಹೊರಟವರೇ ಇರಬೇಕು. ಅವರ ಪಾಲಿನ ಸಾರು ಎಲ್ಲೋ ಒಲೆಯ ಮೇಲೆ ಆರಿರಬೇಕು. ಅವರಿಗೆ ಅಕ್ಕಂದಿರು ಇದ್ದಾರೋ ಇಲ್ಲವೋ, ಇದ್ದರೂ ಹೆಸರೆತ್ತಲು ನಾಚುತ್ತಾರೋ ಏನೋ. ನನ್ನ ತಮ್ಮ ನಿಂತ ಕಡೆ ನಿಂತವರನ್ನು ಬಿಟ್ಟು, ಅವನೊಬ್ಬನಿಗೆ ಬೇಡುವುದು ನನ್ನಿಂದಾಗದು.

ಹಾಗಾಗಿ ತಲೆಗೊಂದು ಮಣಿಯಂತೆ ಹೇಳುತ್ತೇನೆ, ದಿನಾ, ಕರಿ ಶಿಲುಬೆಯ ಕೆಳಗೆ ಕೂತು. ಯಾರಿಂದಲೂ ಆಣೆ ಕೇಳುವುದಿಲ್ಲ.

ಹೆಸರು ಬರೆಯಬೇಡ, ಊರು ಬರೆಯಬೇಡ. ಗಂಟೆ ಎಷ್ಟು ಜೋರಿತ್ತು ಎಂದೂ ಬೇಡ. ಆ ಸಾಲಿನಲ್ಲಿ ಎಷ್ಟು ಜನ ಎಂದು ಮಾತ್ರ ಬರೆದು ಕಳಿಸು. ಬೇಗ ಕಳಿಸು. ನಿನ್ನೆಯಿಂದ ಅಂದಾಜಿನ ಮೇಲೆ ಹೇಳುತ್ತಿದ್ದೇನೆ, ಒಬ್ಬ ತಪ್ಪಿಹೋದರೆ ಪಾಪ ನಿನಗೆ.

ಲೂಸಿಯೆನ್